ಹುಡುಕಿದ ಕೂಲಿಯೋ, ಬಿಡುಗಡೆಯ ಬೆಲೆಯೋ?

ಕಳೆದುಹೋದ ಮೊಬೈಲುಗಳನ್ನು ಪೊಲೀಸರು ಪತ್ತೆಮಾಡಿ ವಾರಸುದಾರರಿಗೆ ಒಪ್ಪಿಸಿದ ಸುದ್ದಿ ಕರ್ನಾಟಕ-ಕೇರಳ ಗಡಿಯ ತಲಪಾಡಿಯ ಆಚೆಗೂ ಈಚೆಗೂ ಈಗ ಆಗಾಗ ಬರುತ್ತದೆ. ಅದರ ಜೊತೆಗೇ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತದೆ. ಕಳೆದ ಮೊಬೈಲ್, ಚಿನ್ನ, ಪಾಸ್‌ಪೋರ್ಟ್ ಹುಡುಕಿಕೊಡುತ್ತೇವೆ, ವಸ್ತು ಕೈಸೇರಿದ ಮೇಲೆ ಹಣ ಕೊಟ್ಟರೆ ಸಾಕು ಎಂಬುದು ಅದರ ಒಕ್ಕಣೆ. ಠಾಣೆಯಲ್ಲಿ ಖರ್ಚಿಲ್ಲದೆ ಆಗುವ ಕೆಲಸಕ್ಕೆ ಹಣ ಕೇಳುವುದು ಕಾನೂನಿಗೆ ಒಪ್ಪಿಗೆಯೇ? ಒಪ್ಪಿಗೆಯಲ್ಲದಿದ್ದರೆ, ಬಾವಿಗೆ ಬಿದ್ದ ಬಳೆಯನ್ನು ಮುಳುಗಿ ತೆಗೆದುಕೊಟ್ಟವರಿಗೆ ಕೂಲಿ ಕೊಡುವುದೂ ತಪ್ಪಾಗುತ್ತದೆಯೇ?

ತಪ್ಪಾಗುವುದಿಲ್ಲ. ಹಣ ಪಡೆದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ. ಆ ಹಣ ಯಾವುದಕ್ಕೆ ಸಂದಿತು ಎಂಬುದನ್ನು ನೋಡಬೇಕು. ಹುಡುಕುವ ಶ್ರಮಕ್ಕೆ ಸಂದರೆ ಅದು ಕೂಲಿ. ಯಾರದೋ ಕೈಯಲ್ಲಿರುವ ವಸ್ತುವನ್ನು ಬಿಡಿಸಿಕೊಳ್ಳಲು ಸಂದರೆ ಅದು ಬಿಡುಗಡೆಯ ಬೆಲೆ. ಜಾಹೀರಾತಿನಲ್ಲಿ ಎರಡಕ್ಕೂ ‘ಸೇವಾ ಶುಲ್ಕ’ ಎಂಬ ಒಂದೇ ಹೆಸರು ಇರುವುದರಿಂದ ಗೊಂದಲ ಹುಟ್ಟಿದೆ.

ಸಿಕ್ಕಿದವರಿಗೆ ಏನು ಹಕ್ಕು

ಬಿದ್ದು ಸಿಕ್ಕಿದ ವಸ್ತುವಿನ ಕಾನೂನು 1872ರ ಭಾರತೀಯ ಕರಾರು ಕಾಯ್ದೆಯಲ್ಲಿದೆ. ಅದರ 71ನೇ ಸೆಕ್ಷನ್ ಪ್ರಕಾರ, ವಸ್ತುವನ್ನು ಎತ್ತಿಕೊಂಡು ತನ್ನ ವಶದಲ್ಲಿ ಇಟ್ಟುಕೊಂಡವನ ಹೊಣೆ, ಬೇರೊಬ್ಬರ ವಸ್ತುವನ್ನು ನಂಬಿಕೆಯ ಮೇಲೆ ಇಟ್ಟುಕೊಂಡವನ ಹೊಣೆಗೆ ಸಮ. ತನ್ನದೇ ವಸ್ತುವಾದರೆ ಎಷ್ಟು ಜೋಪಾನ ಮಾಡುತ್ತಿದ್ದನೋ ಅಷ್ಟು ಜೋಪಾನ ಮಾಡಬೇಕು. ಕಂಡದ್ದನ್ನು ಎತ್ತಿಕೊಳ್ಳಲೇಬೇಕೆಂಬ ಕಡ್ಡಾಯವಿಲ್ಲ. ಎತ್ತಿಕೊಂಡ ಗಳಿಗೆಯಿಂದ ಹೊಣೆ ಶುರುವಾಗುತ್ತದೆ.

168ನೇ ಸೆಕ್ಷನ್ ಬಗ್ಗೆ ತಪ್ಪು ತಿಳಿವಳಿಕೆ ಹೆಚ್ಚು. ವಸ್ತುವನ್ನು ಕಾಪಾಡಲು, ವಾರಸುದಾರರನ್ನು ಹುಡುಕಲು ತಾನಾಗಿ ಪಟ್ಟ ಶ್ರಮಕ್ಕೆ ಹಣ ಬೇಕೆಂದು ಸಿಕ್ಕಿದವನು ಕೋರ್ಟಿಗೆ ಹೋಗುವಂತಿಲ್ಲ. ಆದರೆ ಆ ಶ್ರಮ ಮತ್ತು ಖರ್ಚಿನ ಪರಿಹಾರ ಸಿಗುವವರೆಗೆ ವಸ್ತುವನ್ನು ತನ್ನ ಬಳಿ ಇಟ್ಟುಕೊಳ್ಳಬಹುದು. ವಾರಸುದಾರರೇ ಇಂತಿಷ್ಟು ಬಹುಮಾನ ಎಂದು ಮೊದಲೇ ಸಾರಿದ್ದರೆ ಮಾತು ಬೇರೆ: ಆಗ ಆ ಮೊತ್ತಕ್ಕೆ ದಾವೆ ಹೂಡಬಹುದು, ಅದು ಬರುವವರೆಗೆ ವಸ್ತುವನ್ನು ತಡೆಹಿಡಿಯಲೂಬಹುದು. 169ನೇ ಸೆಕ್ಷನ್ ಮಾರಾಟಕ್ಕೆ ಅವಕಾಶ ಕೊಡುತ್ತದೆ, ಅದೂ ಇಕ್ಕಟ್ಟಾದ ಅವಕಾಶ. ಮಾಮೂಲಿಯಾಗಿ ಮಾರಾಟವಾಗುವ ವಸ್ತುವಾಗಿರಬೇಕು. ವಾರಸುದಾರರು ತಕ್ಕ ಪ್ರಯತ್ನದ ಮೇಲೂ ಸಿಗದಿರಬೇಕು ಅಥವಾ ನ್ಯಾಯವಾದ ಖರ್ಚು ಕೊಡಲು ಒಪ್ಪದಿರಬೇಕು. ಜೊತೆಗೆ ವಸ್ತು ಕೆಟ್ಟುಹೋಗುವಂತಿರಬೇಕು, ಇಲ್ಲವೇ ಖರ್ಚು ಅದರ ಬೆಲೆಯ ಮೂರನೇ ಎರಡರಷ್ಟಕ್ಕೆ ಮುಟ್ಟಿರಬೇಕು.

‘ಸಿಕ್ಕಿದವರಿಗೆ ಶೇಕಡಾ ಹತ್ತು’ ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಭಾರತದ ಕರಾರು ಕಾಯ್ದೆಯಲ್ಲಿ ಅಂಥ ಲೆಕ್ಕವಿಲ್ಲ. ಜಪಾನಿನಲ್ಲಿ ಇದೆ: ಅಲ್ಲಿ ಬೆಲೆಯ ಶೇಕಡಾ 5ರಿಂದ 20ರವರೆಗೆ ಬಹುಮಾನ ಕೇಳಬಹುದು, ಮೂರು ತಿಂಗಳೊಳಗೆ ಯಾರೂ ಬಾರದಿದ್ದರೆ ವಸ್ತು ಸಾಮಾನ್ಯವಾಗಿ ಸಿಕ್ಕಿದವರದೇ. ಜರ್ಮನಿಯಲ್ಲಿ 500 ಯೂರೋವರೆಗೆ ಶೇಕಡಾ 5, ಅದರ ಮೇಲಿನ ಭಾಗಕ್ಕೆ ಶೇಕಡಾ 3. ಎರಡೂ ದೇಶಗಳಲ್ಲಿ ಈ ಹಕ್ಕು ವಸ್ತುವನ್ನು ಅಧಿಕಾರಿಗಳಿಗೆ ಇಲ್ಲವೇ ವಾರಸುದಾರರಿಗೆ ತಿಳಿಸುವ ಕರ್ತವ್ಯಕ್ಕೆ ಅಂಟಿಕೊಂಡಿದೆ. ಕರ್ತವ್ಯವನ್ನು ಬಿಟ್ಟು ಶೇಕಡಾವಾರನ್ನು ಮಾತ್ರ ಎತ್ತಿಕೊಂಡು ಮಾತಾಡುವುದು ಸರಿಯಲ್ಲ.

ಬಹುಮಾನದ ವಿಷಯದಲ್ಲಿ ಅಲಹಾಬಾದ್ ಹೈಕೋರ್ಟಿನ 1913ರ ಲಾಲ್‌ಮನ್ ಶುಕ್ಲಾ ಪ್ರಕರಣವನ್ನು ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಮನೆಯ ಹುಡುಗ ಕಾಣೆಯಾದಾಗ ಧಣಿ ತನ್ನ ಗುಮಾಸ್ತನನ್ನು ಹುಡುಕಲು ಕಳಿಸಿದ. ಆತ ಹೊರಟ ಮೇಲೆ 501 ರೂಪಾಯಿ ಬಹುಮಾನ ಸಾರಿದ. ಗುಮಾಸ್ತ ಹುಡುಗನನ್ನು ಹುಡುಕಿ ತಂದ, ಬಹುಮಾನದ ವಿಷಯ ಗೊತ್ತಾದದ್ದು ಆಮೇಲೆ. ಗೊತ್ತಿಲ್ಲದ ಪ್ರಸ್ತಾಪವನ್ನು ಒಪ್ಪಿಕೊಂಡಂತೆ ಆಗದು ಎಂದು ಕೋರ್ಟು ಆತನ ಕೋರಿಕೆಯನ್ನು ತಳ್ಳಿಹಾಕಿತು. ಹಣದ ಮಾತು ಕೆಲಸಕ್ಕಿಂತ ಮೊದಲು ಆಗಿರಬೇಕು, ಇಬ್ಬರಿಗೂ ಗೊತ್ತಿರಬೇಕು.

ಇನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡರೆ? 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 314ನೇ ಸೆಕ್ಷನ್ ಅದಕ್ಕೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಎರಡು ವರ್ಷದವರೆಗಿನ ಸೆರೆ ಮತ್ತು ದಂಡ ಹೇಳುತ್ತದೆ. ವಾರಸುದಾರರು ಯಾರೆಂದು ಗೊತ್ತಿದ್ದೂ, ಅಥವಾ ಪತ್ತೆಹಚ್ಚುವ ದಾರಿ ಇದ್ದೂ, ವಸ್ತುವನ್ನು ತನ್ನದಾಗಿಸಿಕೊಂಡರೆ ಅದು ಅಪರಾಧ. ತಕ್ಕಷ್ಟು ಕಾಲ ಕಾಯದೆ ಬಳಸಿದರೂ ಅಪರಾಧ.

ಕದ್ದ ಮಾಲಾದರೆ ಲೆಕ್ಕವೇ ಬೇರೆ

ಮೇಲೆ ಹೇಳಿದ್ದೆಲ್ಲ ಬಿದ್ದುಹೋದ, ಮರೆತುಬಿಟ್ಟ ವಸ್ತುವಿಗೆ. ಅದೇ ವಸ್ತು ಕಳವಾಗಿದ್ದರೆ ನ್ಯಾಯ ಸಂಹಿತೆಯ 252ನೇ ಸೆಕ್ಷನ್ ಎದುರಾಗುತ್ತದೆ. ಅಪರಾಧದಿಂದ ಕೈತಪ್ಪಿದ ವಸ್ತುವನ್ನು ಮರಳಿ ಪಡೆಯಲು ನೆರವಾಗುವ ನೆಪದಲ್ಲಿ ಹಣ ಪಡೆದವರಿಗೆ, ಪಡೆಯಲು ಒಪ್ಪಿದವರಿಗೂ, ಎರಡು ವರ್ಷದವರೆಗೆ ಸೆರೆ ಅಥವಾ ದಂಡ, ಇಲ್ಲವೇ ಎರಡೂ. ತಪ್ಪಿಸಿಕೊಳ್ಳಲು ಒಂದೇ ದಾರಿ: ಕಳ್ಳನನ್ನು ಹಿಡಿಸಿ ಶಿಕ್ಷೆ ಕೊಡಿಸಲು ತನ್ನ ಕೈಲಾದ ಎಲ್ಲವನ್ನೂ ಮಾಡಿರಬೇಕು. ‘ವಸ್ತು ತಂದುಕೊಡುತ್ತೇನೆ, ಯಾರ ಹತ್ತಿರ ಇತ್ತು ಎಂದು ಕೇಳಬೇಡಿ’ ಎಂಬ ಮಾತು ನೇರವಾಗಿ ಈ ಸೆಕ್ಷನ್ನಿನೊಳಗೆ ಹೋಗಿ ಬೀಳುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಎಂಬುದಕ್ಕೆ ಲಂಡನ್ನಿನ ಒಂದು ಹಳೆಯ ಕಹಿ ಅನುಭವ ಉತ್ತರ ಕೊಡುತ್ತದೆ. ಹದಿನೆಂಟನೇ ಶತಮಾನದ ಮೊದಲ ಭಾಗದಲ್ಲಿ ಜೊನಾಥನ್ ವೈಲ್ಡ್ ಎಂಬಾತ ಅಲ್ಲಿ ಕಳೆದ ವಸ್ತು ಹುಡುಕಿಕೊಡುವ ಕಚೇರಿ ಇಟ್ಟಿದ್ದ. ಕದಿಯುವ ತಂಡವೂ ಅವನದೇ, ಹುಡುಕಿಕೊಡುವ ಅಂಗಡಿಯೂ ಅವನದೇ. ಕಳ್ಳನನ್ನು ಹಿಡಿಸದೆ ಕದ್ದ ಮಾಲಿಗೆ ಬಹುಮಾನ ಪಡೆಯುವುದನ್ನೇ ಇಂಗ್ಲೆಂಡ್ ಅಪರಾಧವನ್ನಾಗಿ ಮಾಡಿತು. 1725ರಲ್ಲಿ ಆತನನ್ನು ಗಲ್ಲಿಗೇರಿಸಲಾಯಿತು. ನಮ್ಮ ಹಳೆಯ ದಂಡ ಸಂಹಿತೆಯ 215ನೇ ಸೆಕ್ಷನ್, ಈಗಿನ 252, ತಡೆಯಲು ಹೊರಟಿರುವುದು ಇದೇ ವ್ಯವಹಾರವನ್ನು. ಕದ್ದ ಮಾಲಿಗೆ ವಾರಸುದಾರನೇ ಖಚಿತ ಗಿರಾಕಿಯಾದರೆ ಕಳವು ನಷ್ಟವಿಲ್ಲದ ವ್ಯಾಪಾರವಾಗಿಬಿಡುತ್ತದೆ.

252 ಹಣ ಪಡೆದವನನ್ನು ಹಿಡಿಯುತ್ತದೆ, ಕೊಟ್ಟವನನ್ನಲ್ಲ. ಹಾಗೆಂದು ಕೊಟ್ಟವರು ಪೂರ್ತಿ ನಿಶ್ಚಿಂತರಲ್ಲ. ‘ಕೇಸು ಕೊಡುವುದಿಲ್ಲ, ವಸ್ತು ಕೊಡು’ ಎಂದು ಅಪರಾಧ ಮುಚ್ಚಿಡುವ ಮಾತಿಗೆ ಬದಲಾಗಿ ವಸ್ತು ಪಡೆಯುವುದು 250ನೇ ಸೆಕ್ಷನ್ನಿನ ವ್ಯಾಪ್ತಿಗೆ ಬರುತ್ತದೆ. ಕಾನೂನು ರಾಜಿಗೆ ಅವಕಾಶ ಕೊಟ್ಟ ಅಪರಾಧಗಳಿಗೆ ವಿನಾಯಿತಿ ಇದೆ. ಸುಲಿಗೆ, ದರೋಡೆ ಆ ಪಟ್ಟಿಯಲ್ಲಿಲ್ಲ.

ಬಾವಿ, ಕಡಲತೀರ, ತೋಟ: ನಿಜವಾದ ಕಸುಬು

ಯಾರ ವಶದಲ್ಲೂ ಇಲ್ಲದ ವಸ್ತುವನ್ನು ಹುಡುಕುವುದು ಪ್ರಾಮಾಣಿಕ ಕೆಲಸ. ಕಾಸರಗೋಡಿನ ಮಟ್ಟಿಗೆ ಅದರ ಮೊದಲ ಜಾಗ ಬಾವಿ. ಕೊಡ, ಬಕೆಟ್ ಬಿದ್ದರೆ ಪಾತಾಳಗರಡಿ ಸಾಕು. ಬಳೆಯಂತೆ ಜೋಡಿಸಿದ ಕೊಕ್ಕೆಗಳನ್ನು ಹಗ್ಗದಲ್ಲಿ ಇಳಿಸಿ ಎಳೆದರೆ ಸಿಕ್ಕಿಕೊಳ್ಳುತ್ತದೆ. ಉಂಗುರಕ್ಕೆ ಅದರಿಂದ ಉಪಯೋಗವಿಲ್ಲ. ನೀರನ್ನು ಪಂಪಿನಿಂದ ಖಾಲಿ ಮಾಡಿ, ತಳದ ಕೆಸರನ್ನು ಬುಟ್ಟಿಯಲ್ಲಿ ಮೇಲೆತ್ತಿ, ಜರಡಿಯಲ್ಲಿ ತೊಳೆಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಳ ಸೇರಿರುವಾಗ ಅರ್ಧ ದಿನದಲ್ಲಿ ಮುಗಿಯುವ ಕೆಲಸ ಮಳೆಗಾಲದಲ್ಲಿ ಒರತೆಯಿಂದಾಗಿ ಮುಗಿಯದೆಯೂ ಇರಬಹುದು. ಅವಸರವಿಲ್ಲದಿದ್ದರೆ ಬೇಸಿಗೆಯವರೆಗೆ ಕಾಯುವುದು ಲಾಭ. ಚಿನ್ನ ನೀರಿನಲ್ಲಿ ಕೆಡುವುದಿಲ್ಲ.

ಅಪಾಯ ಇರುವುದು ಗಾಳಿಯಲ್ಲಿ. ಬಹುಕಾಲ ಮುಚ್ಚಿದ ಬಾವಿಗೆ ಮೊದಲು ದೀಪ ಇಳಿಸಿ ನೋಡುವುದು ವಾಡಿಕೆ. ಆರಿದರೆ ಉಸಿರಾಡಲು ಬೇಕಾದಷ್ಟು ಆಮ್ಲಜನಕವಿಲ್ಲ. ಆದರೆ ಡೀಸೆಲ್ ಅಥವಾ ಪೆಟ್ರೋಲ್ ಪಂಪನ್ನು ಬಾವಿಯೊಳಗೇ ಇಟ್ಟು ಓಡಿಸಿದರೆ ತುಂಬುವ ಕಾರ್ಬನ್ ಮೊನಾಕ್ಸೈಡನ್ನು ದೀಪ ತೋರಿಸುವುದಿಲ್ಲ. ದೀಪ ಉರಿಯುತ್ತಲೇ ಇರುತ್ತದೆ, ಇಳಿದವರು ಕುಸಿಯುತ್ತಾರೆ. ಪಂಪು ಮೇಲೆಯೇ ಇರಬೇಕು, ಇಳಿದವರ ಸೊಂಟಕ್ಕೆ ಹಗ್ಗ ಇರಬೇಕು, ಹಗ್ಗ ಹಿಡಿಯಲು ಮೇಲೆ ಇಬ್ಬರಾದರೂ ಬೇಕು. ಒಬ್ಬರೇ ಇಳಿಯುತ್ತೇವೆ, ಕಡಿಮೆ ಕೊಡಿ ಎಂದವರನ್ನು ಒಪ್ಪಬಾರದು.

ಬೇಕಲ, ಕಣ್ವತೀರ್ಥದಂಥ ಕಡಲತೀರದಲ್ಲಿ ಲೋಹಶೋಧಕ ಬೇಕಾಗುತ್ತದೆ. ಚಿನ್ನ ನೀರಿಗಿಂತ ಸುಮಾರು 19 ಪಟ್ಟು ಭಾರ, ಮರಳಿನ ಕಣ ಎರಡೂವರೆ ಪಟ್ಟು ಚಿಲ್ಲರೆ. ಹೀಗಾಗಿ ಅಲೆ ಮರಳನ್ನು ಕದಡಿದಷ್ಟೂ ಉಂಗುರ ಕೆಳಗಿಳಿಯುತ್ತದೆ. ತಡವಾದಷ್ಟೂ ಆಳ. ಅಗ್ಗದ ಶೋಧಕಗಳು ಉಪ್ಪುನೀರಿನ ಹಸಿ ಮರಳಿನಲ್ಲಿ ಸುಮ್ಮಸುಮ್ಮನೆ ಕಿರುಚುತ್ತವೆ. ಅಲ್ಲಿಗೆ ಪಲ್ಸ್ ಇಂಡಕ್ಷನ್ (ವಿದ್ಯುತ್ತಿನ ಮಿಡಿತಗಳನ್ನು ಕಳಿಸಿ ಲೋಹ ಹುಡುಕುವ) ಬಗೆಯದು ಮೇಲು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ನೆಲದಲ್ಲಿ ಕಬ್ಬಿಣದ ಅಂಶ ಹೆಚ್ಚಿರುವುದರಿಂದ ತೋಟದಲ್ಲೂ ಇದೇ ಗೋಳು. ಇನ್ನೊಂದು ವಿಷಯ ಹಲವರಿಗೆ ತಿಳಿದಿಲ್ಲ: ಪೂರ್ತಿ ಬಳೆಯಾಕಾರದ ಉಂಗುರ ಗಟ್ಟಿ ಸದ್ದು ಕೊಡುತ್ತದೆ, ತೆಳ್ಳಗಿನ ಸರ ಕೊಡುವುದಿಲ್ಲ, ಯಾಕೆಂದರೆ ಶೋಧಕದ ಪಾಲಿಗೆ ಸರದ ಒಂದೊಂದು ಕೊಂಡಿಯೂ ಬೇರೆ ಬೇರೆ ಪುಟ್ಟ ಲೋಹ. ಎರಡು ಪವನಿನ ಸರ ಅರ್ಧ ಪವನಿನ ಉಂಗುರಕ್ಕಿಂತ ಹುಡುಕಲು ಕಷ್ಟವಾಗುವುದು ಹೀಗೆ. ಬಿದ್ದದ್ದು ಗೊತ್ತಾದ ತಕ್ಷಣ ಫೋನಿನ ನಕ್ಷೆಯಲ್ಲಿ ಜಾಗ ಗುರುತು ಮಾಡಿ, ಸಮಯ ಬರೆದಿಟ್ಟುಕೊಂಡರೆ ಭರತ-ಇಳಿತದ ಲೆಕ್ಕಕ್ಕೆ ಸಹಾಯ.

ಬೇಕಲ ಕೋಟೆ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಕೋಟೆಯ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ನೆಲದಡಿ ಹಳೆಯ ನಿಧಿ ಸಿಕ್ಕಿದರೆ ಕರಾರು ಕಾಯ್ದೆಯ ಮಾತೇ ಇಲ್ಲ, ಅದಕ್ಕೆ ಕೇರಳದ 1968ರ ನಿಧಿ ಕಾಯ್ದೆ ಇದೆ. 2024ರ ಜುಲೈಯಲ್ಲಿ ಕಣ್ಣೂರು ಜಿಲ್ಲೆಯ ಚೆಂಗಳಾಯಿಯಲ್ಲಿ ಮಳೆಗುಂಡಿ ತೋಡುತ್ತಿದ್ದ ಉದ್ಯೋಗ ಖಾತರಿ ಕಾರ್ಮಿಕರು, ಸಿಕ್ಕಿದ ಹಳೆಯ ಚಿನ್ನ-ಬೆಳ್ಳಿಯನ್ನು ಅಧಿಕಾರಿಗಳ ಕೈಗೆ ತಲುಪಿಸಿದರು. ಅದು ಸರಿಯಾದ ದಾರಿ.

‘ಸಿಕ್ಕಿದರೆ ಮಾತ್ರ ಹಣ’

ಇಂಥ ಸೇವೆಯ ಪರವಾಗಿ ಮಾತಾಡುವವರ ವಾದದಲ್ಲಿ ತಿರುಳಿದೆ. ಬಂದೋಬಸ್ತು, ಅಪಘಾತಗಳ ನಡುವೆ ಒಂದು ಉಂಗುರ ಹುಡುಕಲು ಠಾಣೆಗೆ ಆಳಿಲ್ಲ. ಉಪಕರಣಕ್ಕೆ ಹಣ ಹಾಕಿದವರಿಗೆ, ಬಾವಿಗಿಳಿದು ಪ್ರಾಣ ಪಣಕ್ಕಿಟ್ಟವರಿಗೆ ಕೂಲಿ ನ್ಯಾಯ. ಸಿಕ್ಕಿದರೆ ಮಾತ್ರ ಹಣ ಎಂದರೆ ಕಳೆದುಕೊಂಡವರಿಗೆ ಎರಡನೇ ನಷ್ಟವಿಲ್ಲ.

ವಿರೋಧಿಸುವವರು ನೆನಪಿಸುವುದು ನಮ್ಮ ಜಾತ್ರೆ, ಉರೂಸುಗಳ ಮೈಕನ್ನು. ಸಿಕ್ಕಿದ ಪರ್ಸನ್ನು ಮೈಕಿನವರ ಬಳಿ ಕೊಡುವುದು, ಅವರು ಕೂಗಿ ಹೇಳುವುದು, ಬಂದವರು ಗುರುತು ಹೇಳಿ ಒಯ್ಯುವುದು, ಇದರಲ್ಲಿ ಹಣದ ಮಾತೇ ಇಲ್ಲ. ಹಣದ ಆಸೆ ಹೊಕ್ಕರೆ ಸುಮ್ಮನೆ ಕೊಡುತ್ತಿದ್ದವರೂ ಚೌಕಾಸಿಗೆ ಇಳಿಯುತ್ತಾರೆ, ಕೊಡಲಾಗದ ಬಡವರ ವಸ್ತು ಹಿಂದಿರುಗುವುದೇ ಇಲ್ಲ ಎಂಬುದು ಅವರ ಭಯ.

ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಬೇರೆ ಬೇರೆ ವಸ್ತುಗಳ ಬಗ್ಗೆ ಮಾತಾಡುತ್ತಿದ್ದಾರೆ. ಬಾವಿಯ ಕೆಸರಿನಲ್ಲಿರುವ ಉಂಗುರಕ್ಕೆ ‘ಸಿಕ್ಕಿದರೆ ಮಾತ್ರ’ ಎಂಬ ಷರತ್ತು ಒಳ್ಳೆಯದು. ಸಿಕ್ಕಿದ್ದನ್ನು ಬಚ್ಚಿಟ್ಟು ಇಲ್ಲವೆನ್ನುವ ಆಸೆಯನ್ನು ಅದು ತಗ್ಗಿಸುತ್ತದೆ. ಮನುಷ್ಯರ ಕೈಯಲ್ಲಿರುವ ಮೊಬೈಲಿಗೆ ಅದೇ ಷರತ್ತು ವಿಷ. ಫಲ ತೋರಿಸಿದರೆ ಮಾತ್ರ ಸಂಪಾದನೆ ಎಂದಾಗ ಮಧ್ಯವರ್ತಿಗೆ ಅತಿ ಹತ್ತಿರದ ದಾರಿ, ಕಳ್ಳನಿಗೋ ಕದ್ದ ಮಾಲು ಕೊಂಡವನಿಗೋ ಒಂದಿಷ್ಟು ಕೊಟ್ಟು ಬಿಡಿಸಿಕೊಳ್ಳುವುದು. ಹೀಗೆ ನಡೆದರೆ ದೂರು ದಾಖಲಾಗುವುದಿಲ್ಲ, ಕಳ್ಳ ಸಿಗುವುದಿಲ್ಲ, ಮುಂದಿನ ಕಳವಿಗೆ ಬಂಡವಾಳವನ್ನು ಕಳೆದುಕೊಂಡವರೇ ಕೊಟ್ಟಂತಾಗುತ್ತದೆ.

ಹಣಕ್ಕೆ ವಸ್ತು ಹುಡುಕಿಕೊಡುವ ಇವರ ಮೇಲೆ ನಿಗಾ ಯಾರದು ಎಂದು ಕೇಳಿದರೆ, ಯಾರದೂ ಅಲ್ಲ. 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆ ಕಾವಲು ಸೇವೆಗೆ ಮಾತ್ರ. ಖಾಸಗಿ ಪತ್ತೇದಾರರಿಗೆ ಪರವಾನಗಿ ಕಡ್ಡಾಯ ಮಾಡುವ ಮಸೂದೆ 2007ರಲ್ಲಿ ರಾಜ್ಯಸಭೆಗೆ ಬಂದರೂ ಕಾನೂನಾಗಲಿಲ್ಲ. ಆದ್ದರಿಂದ ‘ಸರ್ಕಾರಿ ಮಾನ್ಯತೆ ಪಡೆದ ಪತ್ತೇದಾರರು’ ಎಂಬ ಫಲಕಕ್ಕೆ ಅರ್ಥವಿಲ್ಲ. ಕೆಲಸ ಒಪ್ಪಿಸುವವರಿಗೆ ಇರುವ ರಕ್ಷಣೆ ಒಂದು ಹಾಳೆ ಬರಹ ಮಾತ್ರ. ವಸ್ತುವಿನ ತೂಕ ಮತ್ತು ಗುರುತು, ಹುಡುಕುವ ಜಾಗ, ಎಷ್ಟು ದಿನ, ಸಿಕ್ಕಿದರೆ ಎಷ್ಟು, ಸಿಗದಿದ್ದರೆ ಪಂಪು ಬಾಡಿಗೆ ಯಾರದು, ಎಲ್ಲವೂ ಅದರಲ್ಲಿರಲಿ. ‘ಬೇರೊಬ್ಬರ ವಶದಲ್ಲಿ ಕಂಡುಬಂದರೆ ಹಣದ ವ್ಯವಹಾರ ಮಾಡದೆ ಠಾಣೆಗೆ ತಿಳಿಸತಕ್ಕದ್ದು’ ಎಂಬ ಸಾಲಿಗೆ ಸಹಿ ಹಾಕಲು ಹಿಂಜರಿದವರಿಗೆ ಕೆಲಸ ಕೊಡಬೇಡಿ. ಒಂದು ಗುಟ್ಟಿನ ಗುರುತನ್ನು (ಒಳಗಿನ ಅಕ್ಷರ, ಬೆಸುಗೆಯ ಕಲೆ) ಹೇಳದೆ ಉಳಿಸಿಕೊಳ್ಳಿ. ಸಿಕ್ಕಿತು ಎಂದವರನ್ನು ಅದರಿಂದಲೇ ಪರೀಕ್ಷಿಸಬಹುದು.

ಮಷಿ ನೋಟ ಮತ್ತು ಹರಕೆ

ತುಳುನಾಡಿನಲ್ಲಿ ವಸ್ತು ಕಳೆದರೆ ಕೊರಗಜ್ಜನಿಗೆ ಹರಕೆ ಹೇಳಿಕೊಳ್ಳುವವರು ಅನೇಕರು. ಸಿಕ್ಕಿದ ಮೇಲೆ ಚಕ್ಕುಲಿ, ಬೀಡ ಇಡುತ್ತಾರೆ. ಇದು ಭಕ್ತ ಮತ್ತು ದೈವದ ನಡುವಿನ ಮಾತು. ಇಲ್ಲಿ ಸೇವೆ ಮಾರುವವರೂ ಇಲ್ಲ, ಕರಾರೂ ಇಲ್ಲ. ಕಪ್ಪು ಮಷಿಯಲ್ಲಿ ಕಳ್ಳನನ್ನು ಕಾಣುತ್ತೇವೆ ಎನ್ನುವ ಮಷಿ ನೋಟ, ಅಂಜನ ಎಂದು ಮುಂಗಡ ಹಣ ಪಡೆದು ‘ಮನೆಯವರೇ ಕದ್ದಿದ್ದಾರೆ’ ಎಂದು ಬೆರಳು ತೋರಿಸುವುದನ್ನು ಇದರ ಜೊತೆ ಬೆರೆಸಬಾರದು. ಆ ಒಂದು ಮಾತಿನಿಂದ ಮನೆಗೆಲಸಕ್ಕೆ ಬರುವ ಹೆಂಗಸಿನ ಬದುಕೇ ಹಾಳಾಗಬಹುದು. ಸಾಕ್ಷ್ಯವಿಲ್ಲದೆ ಹೆಸರು ಹೇಳಿದವರ ಮೇಲೂ, ಅದನ್ನು ಊರಲ್ಲಿ ಹರಡಿದವರ ಮೇಲೂ ಮಾನನಷ್ಟದ ಕೇಸು ಹಾಕಬಹುದು.

ಪಾಸ್‌ಪೋರ್ಟ್ ಹಿಡಿದಿಟ್ಟು ಹಣ ಕೇಳಿದರೆ

ಕಾಸರಗೋಡು ಗಲ್ಫಿಗೆ ಹೊರಟವರ ಜಿಲ್ಲೆ. ರಜೆ ಮುಗಿಯುವ ಹೊತ್ತಿಗೆ ಪಾಸ್‌ಪೋರ್ಟ್ ಕಾಣದಿದ್ದರೆ ಎಷ್ಟು ಬೇಕಾದರೂ ಕೊಡಲು ಜನ ತಯಾರಾಗುತ್ತಾರೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಸ್ವತ್ತು. ಅದನ್ನು ಒತ್ತೆಯಿಟ್ಟುಕೊಂಡು ಚೌಕಾಸಿ ಮಾಡಲು ಯಾರಿಗೂ ಅಧಿಕಾರವಿಲ್ಲ. ಕಳೆದಿದೆ ಎಂದು ದಾಖಲಿಸಿ ಹೊಸದಕ್ಕೆ ಅರ್ಜಿ ಹಾಕಿದ ಮೇಲೆ ಹಳೆಯದು ರದ್ದಾಗುತ್ತದೆ. ಆಮೇಲೆ ಹಣ ಕೊಟ್ಟು ಬಿಡಿಸಿಕೊಂಡರೂ ಅದರಲ್ಲಿ ಪ್ರಯಾಣ ಮಾಡುವಂತಿಲ್ಲ, ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುತ್ತೀರಿ.

ಗಡಿ ದಾಟಿದ ದೂರು

ಮಂಗಳೂರಿನ ಆಸ್ಪತ್ರೆಗೆ ಹೋಗಿ ಬರುವಾಗ ಕಳವಾದ ಮೊಬೈಲು ಕರ್ನಾಟಕದ ಕಂಕನಾಡಿಯಲ್ಲಿ ಹೋಯಿತೋ ಕೇರಳದ ಉಪ್ಪಳದಲ್ಲೋ ಹೇಳುವುದು ಕಷ್ಟ. ಎರಡು ರಾಜ್ಯದ ಠಾಣೆಗಳ ನಡುವೆ ಅಲೆಯಲು ಬೇಸತ್ತು ಜನ ಮಧ್ಯವರ್ತಿಯ ಕಡೆ ತಿರುಗುತ್ತಾರೆ. ಅಲೆಯಬೇಕಾಗಿಲ್ಲ. ಅಪರಾಧದ ತನಿಖೆ, ವಿಚಾರಣೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಪೊಲೀಸ್ ಸ್ವತಃ ಕೈಗೆತ್ತಿಕೊಳ್ಳಬೇಕಾದ ಅಪರಾಧದ ದೂರನ್ನು, ಅದು ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲೂ ಕೊಡಬಹುದು. ಬಾಯಿಮಾತಿನಲ್ಲಿ ಹೇಳಿದರೂ ಬರೆದುಕೊಂಡು ಓದಿ ಹೇಳಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಮಲಯಾಳಂ ಬರೆಯಲು ಬಾರದು ಎಂಬ ಕಾರಣಕ್ಕೆ ದೂರು ಬರೆದುಕೊಡುವವರಿಗೆ ಹಣ ತೆರುವ ಕನ್ನಡಿಗರು ಇದನ್ನು ಗಮನಿಸಬೇಕು. ರೈಲಿನಲ್ಲಿ ಬಿಟ್ಟದ್ದಕ್ಕೆ 139ಕ್ಕೆ ಕರೆ. ರೈಲಿನ ಹೆಸರಿನ ಜೊತೆ ಬೋಗಿ ಎಂಜಿನ್ನಿನಿಂದ ಎಷ್ಟನೆಯದು ಎಂದು ಹೇಳಿದರೆ ಹುಡುಕುವುದು ಸುಲಭ.

ಮೊಬೈಲು: ಮಧ್ಯವರ್ತಿಗೆ ಸಾಧ್ಯವಿಲ್ಲದ ಕೆಲಸ

ಪೊಲೀಸರು ಮೊಬೈಲು ಪತ್ತೆಹಚ್ಚುವುದು ದೂರಸಂಪರ್ಕ ಇಲಾಖೆಯ ಸಿಇಐಆರ್ (ಫೋನುಗಳ ಗುರುತು ಸಂಖ್ಯೆಯ ಕೇಂದ್ರ ದಾಖಲೆ) ವ್ಯವಸ್ಥೆಯಿಂದ. 2023ರ ಮೇ ತಿಂಗಳಿಂದ ಇದು ದೇಶಪೂರ್ತಿ ಇದೆ. ಫೋನಿನ ಗುರುತಾದ 15 ಅಂಕೆಗಳ ಐಎಂಇಐ ಸಂಖ್ಯೆಯನ್ನು ತಡೆಪಟ್ಟಿಗೆ ಸೇರಿಸಿದರೆ ಯಾವ ಕಂಪನಿಯ ಸಿಮ್ ಹಾಕಿದರೂ ಅದಕ್ಕೆ ನೆಟ್‌ವರ್ಕ್ ಸಿಗುವುದಿಲ್ಲ, ಹಾಕಿದವರ ಸುಳಿವು ಠಾಣೆಗೆ ಹೋಗುತ್ತದೆ. ಈ ಮಾಹಿತಿ ಖಾಸಗಿಯವರಿಗೆ ಸಿಗದು. ಸಿಗುತ್ತದೆ ಎಂದವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಕಳ್ಳದಾರಿಯಲ್ಲಿ ಪಡೆಯುತ್ತಿದ್ದಾರೆ. ಫೋನ್ ಕರೆಗಳ ದಾಖಲೆಯನ್ನು ಹೀಗೆ ಮಾರುತ್ತಿದ್ದ ಖಾಸಗಿ ಪತ್ತೇದಾರರನ್ನು ಮಹಾರಾಷ್ಟ್ರದ ಥಾಣೆ ನಗರದ ಪೊಲೀಸರು 2018ರಲ್ಲಿ ಬಂಧಿಸಿದ್ದರು.

ಕ್ರಮ ಹೀಗೆ. ಮೊದಲು ದೂರು ಕೊಟ್ಟು ಅದರ ಸಂಖ್ಯೆ ಪಡೆಯಿರಿ. ಅದೇ ನಂಬರಿನ ಹೊಸ ಸಿಮ್ ತೆಗೆದುಕೊಳ್ಳಿ. ಹೊಸ ಸಿಮ್ಮಿಗೆ ಎಸ್ಎಂಎಸ್ ಬರಲು 24 ಗಂಟೆ ಹಿಡಿಯಬಹುದು. ಒಟಿಪಿ ಬರಲಿಲ್ಲವೆಂದು ಅದೇ ದಿನ ಕೈಬಿಡುವವರೇ ಹೆಚ್ಚು. ಮರುದಿನ ಸಿಇಐಆರ್ ತಾಣದಲ್ಲಿ ದೂರಿನ ಪ್ರತಿ, ಬಿಲ್, ಗುರುತಿನ ಚೀಟಿ ಸೇರಿಸಿ ಅರ್ಜಿ ತುಂಬಿ. ಎರಡು ಸಿಮ್ಮಿನ ಫೋನಿಗೆ ಎರಡು ಐಎಂಇಐ ಇರುತ್ತದೆ, ಎರಡನ್ನೂ ಹಾಕಬೇಕು. ಸಂಖ್ಯೆ ಫೋನಿನ ಪೆಟ್ಟಿಗೆಯ ಮೇಲಿದೆ. ಅರ್ಜಿಯ ಕೊನೆಗೆ ಬರುವ ರಿಕ್ವೆಸ್ಟ್ ಐಡಿಯನ್ನು ಕಾಗದದಲ್ಲಿ ಬರೆದಿಡಿ.

ಈ ನಡುವೆ ‘ನಿಮ್ಮ ಫೋನು ಸಿಕ್ಕಿದೆ, ಈ ಕೊಂಡಿ ಒತ್ತಿ’ ಎಂದು ಸಂದೇಶ ಬರಬಹುದು. ಫೋನಿನ ಬೀಗ ತೆರೆಯಲಾಗದ ಕಳ್ಳನಿಗೆ ಬೇಕಿರುವುದು ನಿಮ್ಮ ಆಪಲ್ ಅಥವಾ ಗೂಗಲ್ ಪಾಸ್‌ವರ್ಡ್. ಅದನ್ನು ಕೊಡಬೇಡಿ, ಯಾರು ಹೇಳಿದರೂ ಫೋನನ್ನು ನಿಮ್ಮ ಖಾತೆಯಿಂದ ತೆಗೆದುಹಾಕಲೂಬೇಡಿ. ತೆಗೆದರೆ ಬೀಗ ಬಿಚ್ಚಿಕೊಟ್ಟಂತೆ.

ಫೋನು ಯಾರದೋ ಕೈಯಲ್ಲಿ ಸಿಕ್ಕಿದಾಗ ‘ದುಡ್ಡು ಕೊಟ್ಟು ಕೊಂಡಿದ್ದೇನೆ’ ಎಂಬ ಉತ್ತರ ಬರುವುದುಂಟು. ಕಳ್ಳನಿಂದ ಕೊಂಡವರಿಗೆ ಒಡೆತನ ಬರುವುದಿಲ್ಲ ಎಂಬುದು ಸರಕು ಮಾರಾಟ ಕಾಯ್ದೆಯ ಮೂಲ ನಿಯಮ. ಅವರು ಹಣ ಕೇಳಬೇಕಾದದ್ದು ಮಾರಿದವರಲ್ಲಿ, ನಿಮ್ಮಲ್ಲಿ ಅಲ್ಲ. ಫೋನು ಮರಳಿ ಕೈಸೇರಿದ ಮೇಲೂ ತಡೆ ಹಾಗೇ ಇರುತ್ತದೆ, ಸಿಮ್ ಹಾಕಿದರೆ ನೆಟ್‌ವರ್ಕ್ ಬರುವುದಿಲ್ಲ. ಹಾಳಾಗಿದೆ ಎಂದುಕೊಂಡು ಅಂಗಡಿಗೆ ಒಯ್ದವರಿಂದ ‘ಅನ್‌ಬ್ಲಾಕ್’ ಮಾಡಲು ಹಣ ಕೇಳುವವರೂ ಇದ್ದಾರೆ. ಕಾಗದದಲ್ಲಿ ಬರೆದಿಟ್ಟ ರಿಕ್ವೆಸ್ಟ್ ಐಡಿಯನ್ನು ಅದೇ ತಾಣದಲ್ಲಿ ಹಾಕಿ, ಸಿಕ್ಕಿದೆ ಎಂದು ತಿಳಿಸಿದರೆ ತಡೆ ಹೋಗುತ್ತದೆ. ಅದಕ್ಕೆ ಶುಲ್ಕವಿಲ್ಲ.